ಚಿಲಕ ಯಾವ ಕಡೆಗಿದೆ

ಕಚೇರಿಯ ಕಬ್ಬಿಣದ ಬೀರುವಿನ ಕೆಳಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಅದರೊಳಗೆ ನಲವತ್ತಮೂರು ಫ್ಲಾಪಿಗಳು, ರಬ್ಬರ್ ಬ್ಯಾಂಡು ಹಾಕಿಟ್ಟ ಹನ್ನೊಂದು ಸಿ.ಡಿ.ಗಳು, ಬೆಂಕಿಪೊಟ್ಟಣದ ಗಾತ್ರದ ಬೂದು ಬಣ್ಣದ ಒಂದು ಪ್ಲಾಸ್ಟಿಕ್ ತುಂಡು. ತುಂಡಿನ ಒಂದು ಬದಿಗೆ ಎರಡು ಸಾಲಾಗಿ ಇಪ್ಪತ್ತೈದು ಪಿನ್ನುಗಳು. ಡಿಟಿಪಿ ಕೆಲಸದವರು ಇದನ್ನು ‘ಲಾಕ್’ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನ ಹಿಂಬದಿಯಲ್ಲಿ ಪ್ರಿಂಟರಿನ ವಯರು ಸಿಕ್ಕಿಸುವ ಜಾಗಕ್ಕೆ ಇದನ್ನು ಚುಚ್ಚಿದರೆ ಮಾತ್ರ ಕನ್ನಡದ ತಂತ್ರಾಂಶ ತೆರೆದುಕೊಳ್ಳುತ್ತಿತ್ತು. ಕಿತ್ತರೆ ಕನ್ನಡ ಇಲ್ಲ. 1996ರಲ್ಲಿ ಈ ಮಾಸಪತ್ರಿಕೆ ಶುರುವಾದಾಗ ಸಾಲ ಮಾಡಿ ಕೊಂಡದ್ದು ಅದು. ಸಂಜೆ ಬಾಗಿಲು ಹಾಕುವಾಗ ನಮ್ಮ ಹಿಂದಿನ ಸಂಪಾದಕರು ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದರು. ಕಳೆದುಹೋದರೆ ಇನ್ನೊಂದು ಕೊಡುವುದಿಲ್ಲ, ಪೂರ್ತಿ ಹೊಸದಾಗಿಯೇ ಕೊಳ್ಳಬೇಕು ಎಂದು ಮಾರಿದ ಸಂಸ್ಥೆಯವರು ಹೇಳಿದ್ದರು.

ಪತ್ರಿಕೆಗೆ ಈಗ ಮೂವತ್ತು ವರ್ಷ. ಇಂಥ ಹೊತ್ತಿನಲ್ಲಿ ಜೊತೆಯಾದ ಲೇಖಕರನ್ನು, ಅಗಲಿದ ಹಿರಿಯರನ್ನು, ಚಂದಾದಾರರ ಋಣವನ್ನು ನೆನೆಯುವುದು ರೂಢಿ. ಅದನ್ನು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಮಾಡಿದ್ದೇವೆ. ನಾನು ಹಿಂತಿರುಗಿ ನೋಡಬೇಕೆಂದಿರುವುದು ಈ ಲಾಕಿನ ಕಡೆಗೆ. ಹಳೆಯ ಸಂಚಿಕೆಗಳು ಎಲ್ಲರಿಗೂ ಪುಕ್ಕಟೆಯಾಗಿ ಸಿಗುವಂತೆ ಮಾಡುವ ಕೆಲಸಕ್ಕೆ ಕೂತು ಒಂದು ವರ್ಷವಾಯಿತು. ಆ ಕೆಲಸ ಮಾಡುತ್ತ ಹೋದ ಹಾಗೆ ನನಗೆ ಅರಿವಾದದ್ದು, ಮೂವತ್ತು ವರ್ಷ ನಾವು ಬರೆದದ್ದೆಲ್ಲ ಕನ್ನಡವೇ ಆದರೂ ಅದರಲ್ಲಿ ಬಹುಪಾಲನ್ನು ಬೇರೆಯವರ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು ಎಂಬುದು.

ಸಿ.ಡಿ.ಗಳಲ್ಲಿ ಏಳು ತೆರೆದವು. 2003ರ ಒಂದು ಕಡತ ತೆಗೆದಾಗ ಪರದೆಯ ಮೇಲೆ ಬಂದದ್ದು ಕನ್ನಡವಲ್ಲ. ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಓರೆಗೆರೆಯ ಎ, ಜರ್ಮನ್ ಬರವಣಿಗೆಯಲ್ಲಿ ಬರುವ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ. ಒಟ್ಟು ಏಳು ಗುರುತು. ಡಿಟಿಪಿಯಲ್ಲಿ ತಲೆ ನರೆತವರು ಇದನ್ನು ಕಂಡ ಕೂಡಲೇ ಗುರುತಿಸುತ್ತಾರೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡ ಕಾಣಿಸುವುದೇ ಹೀಗೆ.

ಇದರ ಹಿಂದೆ ಯಾರದೋ ದುರುದ್ದೇಶ ಇರಲಿಲ್ಲ. ಆ ಕಾಲದ ಕಂಪ್ಯೂಟರಿಗೆ ಒಂದು ಫಾಂಟಿನಲ್ಲಿ 256 ಗುರುತುಗಳಿಗೆ ಮಾತ್ರ ಜಾಗ. ಅದನ್ನು ಇಂಗ್ಲಿಷಿಗೂ ಯುರೋಪಿನ ಒಂದಷ್ಟು ಭಾಷೆಗಳಿಗೂ ಹಂಚಿಯಾಗಿತ್ತು. ಕನ್ನಡ ತಂದವರು ಆ ಜಾಗಗಳಲ್ಲೇ ನಮ್ಮ ತಲೆಕಟ್ಟು, ಕೊಂಬು, ಒತ್ತು, ಅರ್ಕಾವತ್ತುಗಳ ಚಿತ್ರಗಳನ್ನು ಕೂರಿಸಿದರು. ಯಾವ ಚಿತ್ರ ಯಾವ ಮನೆಗೆ ಎಂಬುದನ್ನು ಒಂದೊಂದು ಸಂಸ್ಥೆ ಒಂದೊಂದು ರೀತಿ ಗೊತ್ತುಮಾಡಿಕೊಂಡಿತು. ಕಣ್ಣಿಗೆ ಕಾಣುತ್ತಿದ್ದುದು ಕನ್ನಡ, ಕಡತದೊಳಗೆ ಕೂತಿದ್ದುದು ಪಿ ಮತ್ತು ಪೌಂಡ್. ಫಾಂಟಿನ ಪರದೆ ಸರಿದರೆ ಅಲ್ಲಿ ಕನ್ನಡ ಇರಲೇ ಇಲ್ಲ.

ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಬೀದಿ ಸಿಕ್ಕಿತ್ತು. ಆ ಲೆಕ್ಕದಲ್ಲಿ ‘ಕನ್ನಡ’ ಎಂದರೆ ಐದೇ ಗುರುತು: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ. ಜಗತ್ತಿನ ಯಾವ ಯಂತ್ರ ಓದಿದರೂ ಅದು ಕನ್ನಡವೇ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟಿನೊಡನೆ ಇದನ್ನು ನಮ್ಮ ಮೇಜಿಗೂ ತಂದಿತು. ಆದರೂ ನಾವು ಬದಲಾಗಲಿಲ್ಲ. ಏಕೆಂದರೆ ಪುಟ ಕಟ್ಟುತ್ತಿದ್ದುದು ಪೇಜ್‌ಮೇಕರಿನಲ್ಲಿ, ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದೂ 2001ರಲ್ಲೇ. ಆಮೇಲೆ ಅಡೋಬಿ ಅದನ್ನು ಬೆಳೆಸುವುದನ್ನೇ ಬಿಟ್ಟಿತು. ಕನ್ನಡದ ಅಚ್ಚುಕೂಟಗಳು ಮಾತ್ರ ಇನ್ನೂ ಹತ್ತಾರು ವರ್ಷ ಅದರಲ್ಲೇ ಪುಸ್ತಕ ಕಟ್ಟಿದವು. ಪುಟದ ತಂತ್ರಾಂಶಕ್ಕಾಗಿ ಆಸ್ಕಿ ಫಾಂಟು, ಆಸ್ಕಿ ಫಾಂಟಿಗಾಗಿ ಪುಟದ ತಂತ್ರಾಂಶ. ಒಂದು ಬೀಗ ಇನ್ನೊಂದು ಬೀಗವನ್ನು ಹಿಡಿದು ನಿಂತಿತ್ತು.

ಇದೇ ಕಾಲದಲ್ಲಿ ಬೇರೆ ರೀತಿ ನಡೆದುಕೊಂಡವರನ್ನೂ ನೆನೆಯಬೇಕು. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ನಮ್ಮೆಲ್ಲರ ಕೆ.ಪಿ. ರಾವ್, ಕನ್ನಡದ ಉಚ್ಚಾರಣೆಯ ತರ್ಕಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸ ಮಾಡಿದರು. ‘ಸೇಡಿಯಾಪು’ ಎಂಬ ತಂತ್ರಾಂಶವನ್ನೂ ಬರೆದು ಎರಡನ್ನೂ ಹಣ ಕೇಳದೆ ಕೊಟ್ಟುಬಿಟ್ಟರು. ಇಂದು ಕನ್ನಡ ಬೆರಳಚ್ಚು ಕಲಿಯುವ ಮಕ್ಕಳು ರಾಯರ ಹೆಸರು ಕೇಳಿರದಿದ್ದರೂ ಅವರ ಬೆರಳು ಓಡುವುದು ಆ ವಿನ್ಯಾಸದ ಮೇಲೇ. ರಾಯರು ಅದಕ್ಕೊಂದು ಲಾಕ್ ಹಾಕಿ ಮಾರಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. 1998ರಲ್ಲಿ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಫಾಂಟಿನೊಳಗಿನ ಚಿತ್ರಗಳ ಸಂಕೇತವನ್ನು ಸರ್ಕಾರ ಏಕರೂಪಕ್ಕೆ ತಂದದ್ದರಿಂದ ಇವೆರಡರ ನಡುವೆ ಕಡತಗಳ ಓಡಾಟ ಸಾಧ್ಯವಾಯಿತು. ಪೂರ್ಣಚಂದ್ರ ತೇಜಸ್ವಿಯವರು ಕಾದಂಬರಿ ಬರೆಯುವ ಹೊತ್ತನ್ನು ಕನ್ನಡ ತಂತ್ರಾಂಶದ ಚಿಂತೆಗೆ ಕೊಟ್ಟರು. ಅವರ ಒತ್ತಾಸೆಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು ಕನ್ನಡ ತಂತ್ರಾಂಶ’ ಹೊರಬಂತು. ಒಬ್ಬ ಲೇಖಕ ಈ ವಿಷಯಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಆಗ ನಾನೂ ಅಂದುಕೊಂಡದ್ದುಂಟು. ಬರೆಯುವವನಿಗೇ ಅದು ಮೊದಲು ಗೊತ್ತಾಗಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನಮ್ಮ ಪತ್ರಿಕೆಯ 2002ರ ನಂತರದ, ಯೂನಿಕೋಡಿಗೆ ಹೋಗುವವರೆಗಿನ ಸಂಚಿಕೆಗಳು ಈ ಏಕರೂಪದ ಸಂಕೇತದಲ್ಲಿವೆ. ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಹುಡುಗರೇ ಬಿಡುವಿನಲ್ಲಿ ಬರೆದು ಎಲ್ಲರಿಗೂ ಕೊಟ್ಟಿದ್ದಾರೆ. ಮೊದಲ ಆರು ವರ್ಷದ್ದು ಹಾಗಲ್ಲ. ಅದು ಲಾಕ್ ಮಾರಿದ ಸಂಸ್ಥೆಯ ಸ್ವಂತ ಸಂಕೇತ. ಅವರಿಗೆ ಪತ್ರ ಬರೆದೆವು, ಆಮೇಲೆ ಫೋನ್ ಮಾಡಿದೆವು. ಎತ್ತಿದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. “ಆ ಪ್ರಾಡಕ್ಟ್ ಈಗ ಇಲ್ಲ ಸರ್. ಅದರ ಕೋಡ್ ಹೊರಗೆ ಕೊಡೋಕೆ ಬರಲ್ಲ.” ಲಾಕ್ ನಮ್ಮ ಕೈಯಲ್ಲಿದೆ, ಅದನ್ನು ಚುಚ್ಚುವ ಪೋರ್ಟು ಇರುವ ಕಂಪ್ಯೂಟರು ಇಲ್ಲ. ಹುಡುಕಿ ತಂದ ಒಂದು ಹಳೆಯ ಯಂತ್ರದಲ್ಲಿ ತಂತ್ರಾಂಶ ತೆರೆಯಿತು, ಹತ್ತು ನಿಮಿಷ ಅಕ್ಷರಗಳು ಕಂಡವು, ಹಾರ್ಡ್ ಡಿಸ್ಕು ಕೆಟ್ಟಿತು. ಆ ಎಪ್ಪತ್ತೆರಡು ಸಂಚಿಕೆಗಳಲ್ಲಿ ಬರೆದವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಮುದ್ರಿತ ಪ್ರತಿ ಮುಂದಿಟ್ಟುಕೊಂಡು ಒಂದೊಂದೇ ಪುಟವನ್ನು ಮತ್ತೆ ಟೈಪು ಮಾಡಿಸುತ್ತಿದ್ದೇವೆ. ಎರಡು ಸಂಚಿಕೆಗಳ ಪ್ರತಿ ಎಲ್ಲಿಯೂ ಸಿಕ್ಕಿಲ್ಲ.

ತಂತ್ರಾಂಶ ಅವರದು, ಒಪ್ಪೋಣ. ಅದಕ್ಕೆ ಬೆಲೆ ಕಟ್ಟುವ, ಕಳ್ಳಪ್ರತಿ ತಡೆಯುವ ಹಕ್ಕು ಅವರಿಗಿತ್ತು. ಆದರೆ ಅದರಲ್ಲಿ ಬರೆದ ಕತೆ ಯಾರದು? ಬಾಡಿಗೆ ಮನೆ ಬಿಡುವಾಗ ಗೋಡೆ, ಗವಾಕ್ಷಿ ಮಾಲೀಕರದು. ಪಾತ್ರೆ, ಹಾಸಿಗೆ, ದೇವರ ಪಟ ನಮ್ಮದು. ಈ ಸಾಮಾನ್ಯ ನ್ಯಾಯ ತಂತ್ರಜ್ಞಾನದ ವ್ಯವಹಾರದಲ್ಲಿ ಕಣ್ಮರೆಯಾದದ್ದು ನಮ್ಮ ಗಮನಕ್ಕೇ ಬರಲಿಲ್ಲ. ಮನೆಗೆ ಬಾಗಿಲೂ ಬೇಕು, ಚಿಲಕವೂ ಬೇಕು, ಎಲ್ಲವೂ ಬಟಾಬಯಲಾಗಿರಬೇಕೆಂದು ನಾನು ಹೇಳುತ್ತಿಲ್ಲ. ಚಿಲಕ ಒಳಗಡೆ ಇದೆಯೋ, ಹೊರಗಡೆಯಿಂದ ಯಾರೋ ಹಾಕಿದ್ದಾರೋ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆ ಮೊದಲು ಎತ್ತಿದ್ದು ನಾನಲ್ಲ. ಏಳೆಂಟು ವರ್ಷದ ಹಿಂದೆ ಧಾರವಾಡದ ಕಡೆಯ ಓದುಗರೊಬ್ಬರು ಫೋನ್ ಮಾಡಿದ್ದರು. ಬ್ಯಾಂಕಿನಲ್ಲಿ ನೌಕರಿ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಾವು ಕಳಿಸುತ್ತಿದ್ದ ಪಿಡಿಎಫ್ ಪ್ರತಿಯನ್ನು ಅವರ ಫೋನು ಗಟ್ಟಿಯಾಗಿ ಓದಿ ಹೇಳಬೇಕಿತ್ತು. “ಸರ್, ನಿಮ್ಮ ಪತ್ರಿಕಿ ನನ್ನ ಫೋನಿಗೆ ಓದಾಕ ಬರಂಗಿಲ್ರಿ. ಪಿ, ಎ, ಪೌಂಡು ಅಂತ ಒದರತೈತ್ರಿ.” ಅಂದರು. ಪಕ್ಕದಲ್ಲಿ ಫೋನು ಹಿಡಿದು ಕೇಳಿಸಿದರು ಕೂಡ. ಒಬ್ಬ ಕವಿಯ ಸಾಲುಗಳು ಇಂಗ್ಲಿಷ್ ಅಕ್ಷರಗಳ ಪಟ್ಟಿಯಾಗಿ, ಒಂದೇ ಸಮನೆ, ಉಸಿರಿಲ್ಲದ ದನಿಯಲ್ಲಿ ಬರುತ್ತಿದ್ದವು. ನಾನು ಎರಡು ನಿಮಿಷ ಕೇಳಿದೆ. ಕಣ್ಣಿದ್ದವರಿಗೆ ಕನ್ನಡವಾಗಿದ್ದದ್ದು ಅವರಿಗೆ ಎಂದೂ ಕನ್ನಡವಾಗಿರಲೇ ಇಲ್ಲ. ನಾವು ಅವರನ್ನು ಹೊರಗಿಡಬೇಕೆಂದು ಎಂದೂ ನಿರ್ಧರಿಸಿರಲಿಲ್ಲ, ಆದರೂ ಇಪ್ಪತ್ತು ವರ್ಷ ಹೊರಗಿಟ್ಟಿದ್ದೆವು. ಮರುತಿಂಗಳಿಂದ ಪತ್ರಿಕೆ ಪೂರ್ತಿ ಯೂನಿಕೋಡಿಗೆ ಹೋಯಿತು. ಅದಕ್ಕಾಗಿ ಪುಟ ಕಟ್ಟುವ ತಂತ್ರಾಂಶ ಬದಲಿಸಿ, ಇಬ್ಬರಿಗೆ ಹೊಸದಾಗಿ ಕೆಲಸ ಕಲಿಸಿ ಪಟ್ಟ ಪಾಡು ದೊಡ್ಡದು. ಮೊದಲೇ ಪಡಬೇಕಾಗಿದ್ದ ಪಾಡು ಅದು.

ಫೋನುಗಳ ಕತೆಯೂ ಇದಕ್ಕೆ ಹೊರತಲ್ಲ. 2003ರ ಮಳೆಗಾಲದಲ್ಲಿ ರಿಲಯನ್ಸ್ ಆರಂಭಕ್ಕೆ 501 ರೂಪಾಯಿ ಕಟ್ಟಿದರೆ ಮೊಬೈಲು ಕೊಡತೊಡಗಿದಾಗ ನಮ್ಮ ಹಳ್ಳಿಗಳಿಗೆ ಮೊದಲ ಬಾರಿ ಆ ವಸ್ತು ಬಂತು. ಅದರೊಳಗೆ ಸಿಮ್ ಇರಲಿಲ್ಲ, ಫೋನು ಆ ಜಾಲಕ್ಕೇ ಅಂಟಿಕೊಂಡಿತ್ತು. ಬೇರೆ ಕಂಪನಿಗೆ ಹೋಗಬೇಕೆಂದರೆ ಫೋನೂ ಹೋಯಿತು, ನಂಬರೂ ಹೋಯಿತು. ಹಾಗೆಂದು ಅದನ್ನು ಬರಿದೇ ಬೈಯಲಾರೆ. ಅಷ್ಟು ಕಡಿಮೆ ಹಣಕ್ಕೆ ಬಂದದ್ದರಿಂದಲೇ ಅದು ಕೂಲಿಯವರ ಕೈಗೂ ಸಿಕ್ಕಿತು.

ಸ್ಮಾರ್ಟ್‌ಫೋನು ಬಂದಾಗ ಎರಡು ದಾರಿಗಳ ವ್ಯತ್ಯಾಸ ಕನ್ನಡಕ್ಕೆ ಸ್ಪಷ್ಟವಾಗಿ ಕಂಡಿತು. 2009ರ ಏಪ್ರಿಲ್‌ನಲ್ಲಿ ಬಂದ ಆಂಡ್ರಾಯ್ಡ್ 1.5ರಿಂದಲೇ ಯಾರು ಬೇಕಾದರೂ ಕೀಲಿಮಣೆ ಬರೆದು ಹಂಚಬಹುದಿತ್ತು. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಚೌಕಚೌಕವಾಗಿ ಕಾಣುತ್ತಿತ್ತು ನಿಜ. ಆಗ ನಾವು ಒಪೆರಾ ಮಿನಿ ಎಂಬ ಬ್ರೌಸರು ಹಾಕಿಕೊಂಡು, ಅದರ ಒಳಗಿನ ಕಾನ್ಫಿಗ್ ಪುಟಕ್ಕೆ ಹೋಗಿ, ಬಿಟ್‌ಮ್ಯಾಪ್ ಫಾಂಟಿನ ಆಯ್ಕೆಗೆ ‘ಯೆಸ್’ ಕೊಟ್ಟು, ಅಕ್ಷರಗಳನ್ನು ಚಿತ್ರಗಳಾಗಿ ತರಿಸಿಕೊಂಡು ಓದುತ್ತಿದ್ದೆವು. ಈ ಉಪಾಯ ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲೇ ಹರಡಿತು. ಅಷ್ಟರಲ್ಲಿ ಕನ್ನಡದ ಹುಡುಗರು ತಾವೇ ಕೀಲಿಮಣೆ ಮಾಡಿ ಹಾಕಿದರು. ಐಫೋನಿನಲ್ಲಿ ಹಾಗೆ ಮಾಡುವಂತಿರಲಿಲ್ಲ. ಹೊರಗಿನವರ ಕೀಲಿಮಣೆಗೆ ಆಪಲ್ ಬಾಗಿಲು ತೆರೆದದ್ದು 2014ರಲ್ಲಿ, ಐಒಎಸ್ 8ರೊಂದಿಗೆ. ಅದರದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಒಎಸ್ 11ರಲ್ಲಿ. ಮೊದಲ ಐಫೋನು 2007ರದು. ಆಪಲ್ ಮಾಡಿದ ಕೀಲಿಮಣೆ ಚೆನ್ನಾಗಿಯೇ ಇದೆ. ಆದರೆ ಹತ್ತು ವರ್ಷ ತಡವಾದದ್ದು ಕೌಶಲ ಇಲ್ಲದ್ದರಿಂದಲ್ಲ. ಕೌಶಲ ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿತ್ತು, ಅದನ್ನು ಒಳಗೆ ಬಿಡುವ ಅನುಮತಿ ಇರಲಿಲ್ಲ.

ಆಯ್ಕೆಯ ಸ್ವಾತಂತ್ರ್ಯ ಎಂದಾಗ ಹೆಚ್ಚಿನವರು ಬೆಲೆಯ ಮಾತಾಡುತ್ತಾರೆ. ಆಪಲ್ ಮತ್ತು ಗೂಗಲ್ ಆ್ಯಪ್ ಅಂಗಡಿಗಳು ತೆಗೆದುಕೊಳ್ಳುವ ಶೇಕಡ 30ರವರೆಗಿನ ಪಾಲು, ಅದರ ಮೇಲಿನ ಕೋರ್ಟು ವ್ಯಾಜ್ಯಗಳು ಸುದ್ದಿಯಾಗುತ್ತವೆ. ಹಣದ ಜಗಳ ದೊಡ್ಡವರ ನಡುವಿನದು, ಅದು ಹೇಗೋ ತೀರುತ್ತದೆ. ಕನ್ನಡದಂಥ ಭಾಷೆಗೆ ಮುಚ್ಚಿದ ವ್ಯವಸ್ಥೆಯಿಂದ ಆಗುವ ದೊಡ್ಡ ನಷ್ಟ ಕಾಯುವಿಕೆ. ಮಾಲೀಕನ ಪಟ್ಟಿಯಲ್ಲಿ ನಮ್ಮ ಸರದಿ ಬರುವವರೆಗೆ, ನಮ್ಮ ಕೆಲಸವನ್ನು ನಾವೇ ಮಾಡಿಕೊಳ್ಳಲು ಬಿಡದೆ ಕಾಯಿಸುವುದು.

ಪುಸ್ತಕಗಳಲ್ಲಿ ಇದು ಇನ್ನೂ ನೋಯಿಸಿತು. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಇ-ಪುಸ್ತಕದ ಕಿಂಡಲ್ ಅಂಗಡಿಗೆ ಭಾರತೀಯ ಭಾಷೆಗಳನ್ನು ತಂದಾಗ ಆರಿಸಿಕೊಂಡದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ಸಾವಿರ ವರ್ಷದ ಸಾಹಿತ್ಯ ಇದ್ದರೇನು, ಪ್ರಕಾಶಕರು ಕಡತ ಸಿದ್ಧಮಾಡಿಕೊಂಡು ನಿಂತರೇನು, ಒಳಗಿನವರು ಕದ ತೆಗೆಯಬೇಕು. ಕೊನೆಗೆ ಕನ್ನಡದವರೇ ಇ-ಪುಸ್ತಕದ ಆ್ಯಪುಗಳನ್ನು ಕಟ್ಟಿಕೊಂಡರು, ಅದು ಹೆಮ್ಮೆಯ ಸಂಗತಿ. ಆದರೆ ಅವುಗಳಲ್ಲೂ ಹಲವಲ್ಲಿ ಕೊಂಡ ಪುಸ್ತಕವನ್ನು ಆ ಆ್ಯಪಿನೊಳಗೇ ಓದಬೇಕು. ಪ್ರಕಾಶಕ ಗೆಳೆಯರನ್ನು ಕೇಳಿದರೆ, ಸಾವಿರ ಪ್ರತಿ ಅಚ್ಚು ಹಾಕಿ ಅದನ್ನು ಖಾಲಿ ಮಾಡುವುದಕ್ಕೇ ಎರಡು ವರ್ಷ ಬೇಕು, ಪಿಡಿಎಫ್ ಒಂದು ವಾಟ್ಸಾಪ್ ಗುಂಪಿಗೆ ಬಿದ್ದರೆ ಮುಗಿಯಿತು ಎನ್ನುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ನನಗೆ ಬಂದಿರುವ ಕಳ್ಳ ಪಿಡಿಎಫ್‌ಗಳೆಲ್ಲ ಮುದ್ರಿತ ಪುಸ್ತಕವನ್ನು ಬೋರಲು ಹಾಕಿ ಸ್ಕ್ಯಾನ್ ಮಾಡಿದವು. ಅಂಚಿನಲ್ಲಿ ಹೆಬ್ಬೆರಳು ಕಾಣುತ್ತದೆ. ಕದಿಯುವವನನ್ನು ಕಡತದ ಬೀಗ ತಡೆದಿಲ್ಲ. ಅದಕ್ಕೆ ಸಿಕ್ಕಿಬೀಳುವವರು ಹಣ ಕೊಟ್ಟು ಕೊಂಡವರು.

ಕೊಂಡದ್ದು ನಮ್ಮದಾಗುತ್ತದೆಯೇ ಎಂಬುದಕ್ಕೆ ಉತ್ತರ 2009ರಲ್ಲೇ ಸಿಕ್ಕಿತ್ತು. ಆ ವರ್ಷದ ಜುಲೈನಲ್ಲಿ ಅಮೆಜಾನ್, ಹಕ್ಕಿಲ್ಲದ ಮಾರಾಟಗಾರನೊಬ್ಬ ಹಾಕಿದ್ದ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಜನ ಕೊಂಡು ಇಟ್ಟುಕೊಂಡಿದ್ದ ಕಿಂಡಲ್‌ಗಳ ಒಳಗಿನಿಂದಲೇ ಅಳಿಸಿಹಾಕಿತು. ಅಮೆರಿಕದ ಒಬ್ಬ ಶಾಲಾ ಹುಡುಗ ಪಾಠಕ್ಕಾಗಿ ಅದರಲ್ಲಿ ಟಿಪ್ಪಣಿ ಮಾಡಿಕೊಂಡಿದ್ದ. ಪುಸ್ತಕ ಹೋದ ಮೇಲೆ ಆ ಟಿಪ್ಪಣಿಗಳಿಗೆ ತಲೆಬುಡ ಉಳಿಯಲಿಲ್ಲ. ಕಂಪನಿ ಹಣ ಹಿಂದಿರುಗಿಸಿತು, ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡಿದ್ದ ಪುಸ್ತಕಗಳೆಲ್ಲ ಹೋದವು, ಹಣ ಮರಳಿ ಬಂತು. 2025ರ ಫೆಬ್ರವರಿ 26ರಿಂದ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಸಾಗಿಸುವ ಹಳೆಯ ಅನುಕೂಲವನ್ನೂ ಅಮೆಜಾನ್ ತೆಗೆಯಿತು. ನನ್ನ ತಂದೆಯ ಪುಸ್ತಕಗಳು ನನಗೆ ಬಂದಿವೆ. ಅವುಗಳ ಅಂಚಿನಲ್ಲಿ ಅವರ ಪೆನ್ಸಿಲ್ ಗುರುತುಗಳಿವೆ. ನನ್ನ ಮಗಳಿಗೆ ನಾನು ಏನು ಬಿಟ್ಟುಹೋಗುತ್ತೇನೆ ಎಂದು ಲೆಕ್ಕ ಹಾಕಿದಾಗ, ಕಳೆದ ಹತ್ತು ವರ್ಷದಲ್ಲಿ ಓದಿದ್ದರಲ್ಲಿ ಅರ್ಧದಷ್ಟು ಅವಳಿಗೆ ಸಿಗುವುದೇ ಇಲ್ಲ.

‘ನಿಮ್ಮ ಒಳ್ಳೆಯದಕ್ಕೇ ಮುಚ್ಚಿದ್ದೇವೆ’ ಎಂಬ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನನ್ನ ಚಿಕ್ಕಮ್ಮನಿಗೆ ಕಳೆದ ಮಾಘದಲ್ಲಿ ಮೊಬೈಲಿಗೆ ಮದುವೆಯ ಕರೆಯೋಲೆ ಬಂತು. ಒತ್ತಿದರೆ ತೆರೆದದ್ದು ಕರೆಯೋಲೆಯಲ್ಲ, ಫೋನಿಗೆ ಆ್ಯಪು ಇಳಿಸುವ ಎಪಿಕೆ ಎಂಬ ಕಡತ. ‘ಅನುಮತಿಸಿ’ ಎಂದು ಕೇಳಿದ ಕಡೆಯೆಲ್ಲ ಒತ್ತಿದ್ದಾರೆ. ಸಂಜೆಯ ಹೊತ್ತಿಗೆ ಪಿಂಚಣಿ ಖಾತೆಯಿಂದ ಮೂವತ್ತೆಂಟು ಸಾವಿರ ಹೋಗಿತ್ತು. ಅಂಗಡಿಯ ಹೊರಗಿನ ಆ್ಯಪನ್ನು ಒಳಗೆ ಬಿಡದ ಫೋನು ಅವರ ಕೈಯಲ್ಲಿದ್ದರೆ ಆ ಹಣ ಉಳಿಯುತ್ತಿತ್ತು. ಅವರ ಎದುರು ಕೂತು ಬಳಕೆದಾರರ ಸ್ವಾತಂತ್ರ್ಯದ ಬಗ್ಗೆ ಮಾತಾಡಲು ನನಗೆ ಬಾಯಿ ಬರಲಿಲ್ಲ. ಅವರ ಫೋನಿನಲ್ಲಿ ಆ ದಾರಿಯನ್ನು ನಾನೇ ಮುಚ್ಚಿಕೊಟ್ಟೆ. ಅವರು ಕೇಳಿದರು, ನಾನು ಮುಚ್ಚಿದೆ, ಬೇಡವೆಂದ ದಿನ ತೆಗೆಯಬಹುದು. ನನಗೆ ಒಪ್ಪಿಗೆಯಾಗುವ ಮುಚ್ಚುವಿಕೆ ಇಂಥದ್ದು.

ಮುಚ್ಚುವ ಗುಣ ಹೊರಗಿನ ಕಂಪನಿಗಳದ್ದು ಮಾತ್ರ ಎಂದುಕೊಂಡರೆ ಅದು ಅಪ್ರಾಮಾಣಿಕ. ಕನ್ನಡದಲ್ಲಿ ಡಬ್ಬಿಂಗ್ ಬೇಡ ಎಂಬ ಕಟ್ಟು 1960ರ ದಶಕದಿಂದ ನಡೆದುಬಂತು. ಚಿತ್ರರಂಗ ಎಳೆಯದಾಗಿದ್ದಾಗ ಅದು ಬೇಕಿತ್ತು, ನಮ್ಮ ಕಲಾವಿದರು ತಂತ್ರಜ್ಞರು ಅದರಿಂದ ಬದುಕಿದರು ಎಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಆ ಕಟ್ಟು ಕಾನೂನಾಗಿರಲಿಲ್ಲ, ಎಷ್ಟು ಕಾಲಕ್ಕೆ ಎಂಬ ಗಡುವೂ ಇರಲಿಲ್ಲ, ನೋಡುವವರನ್ನು ಯಾರೂ ಕೇಳಿರಲಿಲ್ಲ. ಡಿಸ್ಕವರಿಯಂಥ ವಾಹಿನಿ ಹಿಂದಿ, ತಮಿಳು, ತೆಲುಗಿನಲ್ಲಿ ಬರುತ್ತಿದ್ದಾಗ ಕನ್ನಡದ ಮಕ್ಕಳು ತಿಮಿಂಗಿಲ, ನಕ್ಷತ್ರಗಳ ಕತೆಯನ್ನು ಬೇರೆ ಭಾಷೆಯಲ್ಲಿ ಕೇಳಿ ಬೆಳೆದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಕಟ್ಟು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದಿತು. ಕನ್ನಡವನ್ನು ಕಾಯಲು ಹಾಕಿದ ಅಗಳಿ ಕನ್ನಡವನ್ನೇ ಒಂದು ಕೋಣೆಗೆ ಸೀಮಿತಗೊಳಿಸಿತು ಎಂಬುದನ್ನು ಈ ಪತ್ರಿಕೆ ಆಗ ಬರೆಯಬೇಕಿತ್ತು, ಬರೆಯಲಿಲ್ಲ.

ತೆರೆದದ್ದರ ಲೆಕ್ಕವೂ ಇದೆ, ಅದು ಸಣ್ಣದಲ್ಲ. ನಂಬರ್ ಬಿಡದೆ ಕಂಪನಿ ಬದಲಿಸುವ ಸೌಲಭ್ಯ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಶುರುವಾಗಿ 2011ರ ಜನವರಿ 20ರಂದು ದೇಶಕ್ಕೆಲ್ಲ ಬಂತು. 2015ರ ಜುಲೈನಿಂದ ರಾಜ್ಯ ದಾಟಿದರೂ ನಂಬರ್ ಉಳಿಯಿತು. ಮುಂಬೈಗೆ ದುಡಿಯಲು ಹೋದ ಕರಾವಳಿಯ ಹುಡುಗ ಊರಿನ ನಂಬರನ್ನೇ ಇಟ್ಟುಕೊಳ್ಳುವಂತಾಯಿತು. ಫೇಸ್‌ಬುಕ್ ತಾನು ಆರಿಸಿದ ಕೆಲವೇ ತಾಣಗಳನ್ನು ಬಡವರಿಗೆ ಪುಕ್ಕಟೆ ಕೊಡುತ್ತೇನೆಂದು ‘ಫ್ರೀ ಬೇಸಿಕ್ಸ್’ ತಂದಾಗ, 2016ರ ಫೆಬ್ರವರಿ 8ರಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ ಅಂಥ ಭೇದದ ದರಗಳನ್ನೇ ನಿಷೇಧಿಸಿತು. ಅದೇ ವರ್ಷ ಬಂದ ಯುಪಿಐಯನ್ನು ನೋಡಿ. ಅದಕ್ಕೆ ಮೊದಲು ಒಂದು ವ್ಯಾಲೆಟ್ಟಿನ ಹಣ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಈಗ ಸಂತೆಯಲ್ಲಿ ಸೊಪ್ಪಿನ ಬುಟ್ಟಿಗೆ ಒರಗಿಸಿಟ್ಟ ಕ್ಯೂಆರ್ ಚೀಟಿಗೆ ನಿಮ್ಮದು ಯಾವ ಆ್ಯಪು, ಯಾವ ಬ್ಯಾಂಕು ಎಂಬುದು ಬೇಕಿಲ್ಲ. ಈ ಮೂರೂ ಕಡೆ ದಾರಿ ತೆರೆದದ್ದು ಮಾಲೀಕರ ಔದಾರ್ಯದಿಂದಲ್ಲ, ನಿಯಮದಿಂದ.

ನಿಯಮಕ್ಕೂ ಮಿತಿಯಿದೆ. 2022ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಪ್ಲೇ ಸ್ಟೋರ್ ಬೇಕೆಂದ ಫೋನು ತಯಾರಕರು ಗೂಗಲ್‌ನ ಆ್ಯಪುಗಳ ಇಡೀ ಕಂತೆಯನ್ನು ಹೊತ್ತುಕೊಳ್ಳಬೇಕಿದ್ದುದು ಅದರ ಮುಖ್ಯ ಆಕ್ಷೇಪ. ಮೇಲ್ಮನವಿ ನ್ಯಾಯಮಂಡಳಿ 2023ರಲ್ಲಿ ದಂಡವನ್ನು ಎತ್ತಿಹಿಡಿದು ಆಯೋಗದ ಕೆಲವು ಆದೇಶಗಳನ್ನು ಕೈಬಿಟ್ಟಿತು. ಹುಡುಕಾಟದ ಸಾಧನವನ್ನು ನಾವೇ ಆರಿಸುವ ಅವಕಾಶ ಬಂತು. ನನಗೆ ಗೊತ್ತಿರುವವರಲ್ಲಿ ಅದನ್ನು ಬದಲಿಸಿದವರು ಒಬ್ಬರೂ ಇಲ್ಲ. 2024ರ ಮಾರ್ಚ್ 1ರಂದು ಶುಲ್ಕದ ಜಗಳದಲ್ಲಿ ಮ್ಯಾಟ್ರಿಮೊನಿ, ನೌಕರಿಯಂಥ ಹೆಸರಾಂತ ಭಾರತೀಯ ಆ್ಯಪುಗಳನ್ನೇ ಗೂಗಲ್ ಅಂಗಡಿಯಿಂದ ತೆಗೆದಾಗ, ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಅವು ಮರಳಿದವು. ದೊಡ್ಡ ಕಂಪನಿಗಳಿಗೆ ಮಂತ್ರಿಗಳು ಸಿಗುತ್ತಾರೆ. ಸಾಗರದಲ್ಲೋ ಸಿಂದಗಿಯಲ್ಲೋ ಕೂತು ಕನ್ನಡ ನಿಘಂಟಿನ ಆ್ಯಪು ಮಾಡಿದ ಮೇಷ್ಟರಿಗೆ ಯಾರು ಸಿಗುತ್ತಾರೆ?

ಆ ಮೇಷ್ಟರ ಮಾತು ಬಂದದ್ದಕ್ಕೆ ಕಾರಣವಿದೆ. 2025ರ ಆಗಸ್ಟಿನಲ್ಲಿ ಗೂಗಲ್, ಇನ್ನು ಮುಂದೆ ಅಂಗಡಿಯ ಹೊರಗೆ ಹಂಚುವ ಆ್ಯಪುಗಳನ್ನು ಬರೆದವರೂ ತನ್ನಲ್ಲಿ ಗುರುತು ದಾಖಲಿಸಬೇಕು, ಇಲ್ಲವಾದರೆ ಅವು ಪ್ರಮಾಣಿತ ಆಂಡ್ರಾಯ್ಡ್ ಫೋನುಗಳಿಗೆ ಇಳಿಯುವುದಿಲ್ಲ ಎಂದು ಸಾರಿತು. ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ 2026ರ ಸೆಪ್ಟೆಂಬರಿನಿಂದ, ಆಮೇಲೆ ಉಳಿದೆಡೆ. ವಿರೋಧ ಬಂದಾಗ, ಅಪಾಯ ತಿಳಿದು ಮುಂದುವರಿಯುವವರಿಗೆ ಒಂದು ದಾರಿ ಇಡುವುದಾಗಿ ಹೇಳಿತು. ಚಿಕ್ಕಮ್ಮನ ಮೂವತ್ತೆಂಟು ಸಾವಿರವನ್ನು ನೆನೆದರೆ ಇದನ್ನು ಒಪ್ಪಬೇಕೆನ್ನಿಸುತ್ತದೆ. ನಮ್ಮ ಹುಡುಗರ ಆ ಮೊದಲ ಕನ್ನಡ ಕೀಲಿಮಣೆಗಳನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಕಳ್ಳನನ್ನು ಹಿಡಿಯಲು ಊರಿನ ಎಲ್ಲ ಹಿತ್ತಿಲ ಬಾಗಿಲುಗಳ ಕೀಲಿಕೈಯನ್ನು ಒಬ್ಬರ ಸೊಂಟಕ್ಕೆ ಕಟ್ಟಬೇಕಾಗಿಲ್ಲ. ಗೂಗಲ್ ಇಡುವೆನೆಂದ ಆ ದಾರಿ ನಿಜವಾಗಿ ನಡೆಯಬಲ್ಲ ದಾರಿಯಾಗಿರಬೇಕು, ಹತ್ತು ಎಚ್ಚರಿಕೆಯ ಫಲಕಗಳ ಹಿಂದೆ ಹೂತ ಕಾಲುದಾರಿಯಲ್ಲ ಎಂದು ಕನ್ನಡದ ಸಂಘಟನೆಗಳು, ನಮ್ಮ ಐಟಿ ಇಲಾಖೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರ ಈಗಲೇ ಕೇಳಬೇಕು. ನಾಮಫಲಕದಲ್ಲಿ ಕನ್ನಡ ಎಷ್ಟು ದೊಡ್ಡದಿರಬೇಕೆಂದು ನಾವು ಬೀದಿಗಿಳಿದು ಹೋರಾಡಿದ್ದೇವೆ. ಫೋನಿನೊಳಗೆ ಕನ್ನಡ ಯಾರ ಅಪ್ಪಣೆಯ ಮೇಲೆ ಇರುತ್ತದೆ ಎಂಬುದಕ್ಕೂ ಆ ಕಾವು ಬೇಕು.

ಪತ್ರಿಕೆಯ ಮಟ್ಟಿಗೆ ಒಂದು ತೀರ್ಮಾನ ಮಾಡಿದ್ದೇವೆ. ಇನ್ನು ಮುಂದೆ ಪ್ರತಿ ಸಂಚಿಕೆ ಮುದ್ರಣದ ಜೊತೆಗೆ ಬೀಗವಿಲ್ಲದ ಇ-ಪಬ್ ಆಗಿಯೂ ಬರುತ್ತದೆ. ಕೊಂಡವರು ಯಾವ ಯಂತ್ರದಲ್ಲಾದರೂ ಓದಬಹುದು, ಮಕ್ಕಳಿಗೆ ಕೊಡಬಹುದು. ಲೇಖಕರು ತಮ್ಮ ಬರಹದ ಯೂನಿಕೋಡ್ ಕಡತವನ್ನು ಕೇಳಿದ ದಿನವೇ ಕಳಿಸುತ್ತೇವೆ. ಇದರಿಂದ ಚಂದಾ ಕಡಿಮೆಯಾದೀತೆಂದು ನಮ್ಮ ವ್ಯವಸ್ಥಾಪಕರಿಗೆ ಆತಂಕವಿದೆ. ಅದನ್ನು ನಾನು ಹಗುರವಾಗಿ ಕಂಡಿಲ್ಲ.

ಮೊನ್ನೆ 2003ರ ಫೆಬ್ರವರಿ ಸಂಚಿಕೆ ಪರಿವರ್ತಕದಿಂದ ಹೊರಬಂತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಕೂರುತ್ತಿತ್ತು, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಕೆಲವು ಕಡೆ ಅದನ್ನು ಜಾಗ ಬದಲಿಸದೆ ಬಿಟ್ಟುಬಿಡುತ್ತದೆ. ಕಣ್ಣಿನಿಂದ ಎರಡು ಸಲ ಕರಡು ತಿದ್ದಿ ಧಾರವಾಡದ ಆ ಓದುಗರಿಗೆ ಕಳಿಸಿದೆವು. ಮರುದಿನ ಬೆಳಿಗ್ಗೆ ಏಳಕ್ಕೇ ಫೋನು. “ಪೂರಾ ಕೇಳಿದೆ ಸರ್, ಭಾಳ ಚಲೋ ಐತ್ರಿ ಕತಿ. ಆದ್ರ ಮೂರನೇ ಪ್ಯಾರಾದಾಗ ‘ವಷರ್’ ಅಂತೈತ್ರಿ, ‘ವರ್ಷ’ ಆಗಬೇಕು. ಕಡೀಕ ಒಂದ್ ಕಡೆ ‘ಸೂಯರ್’ ಐತಿ. ಇನ್ನೂ ನಾಕೈದು ಅದಾವು, ಬರಕೊಳ್ರಿ.” ನಾನು ಕಾಗದ ತೆಗೆದುಕೊಂಡೆ. ಅವರು ಒಂದೊಂದೇ ಸಾಲು ಹೇಳುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ. ಮಾರ್ಚಿನ ಸಂಚಿಕೆ ಯಾವಾಗ ಕಳಿಸುತ್ತೀರಿ ಎಂದು ಕೇಳಿ ಫೋನಿಟ್ಟರು.